ಗೋದಾಮಿನಲ್ಲಿ ರೋಯಿಂಗ್ ಕಲಿಕೆ: ದಾವಣಗೆರೆಯ ಒಂದು ತರಬೇತಿ ಕೇಂದ್ರದ ವಿಮರ್ಶೆ

ದಾವಣಗೆರೆಯಲ್ಲಿ ಶಾಲಾ ಮಕ್ಕಳಿಗೆ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಆಟ, ಕಲಿಸುವ ಕೇಂದ್ರವೊಂದಿದೆ ಎಂದರೆ ಹೊರಗಿನವರು ಮೊದಲು ಕೇಳುವುದು, ನಿಮ್ಮೂರಿನಲ್ಲಿ ದೋಣಿಯನ್ನು ಎಲ್ಲಿ ಇಳಿಸುತ್ತೀರಿ ಎಂದು. ಪ್ರಶ್ನೆ ನ್ಯಾಯವಾದದ್ದೇ. ಪ್ರೌಢಶಾಲೆಯ ಕೊನೆಯ ಎರಡು ವರ್ಷ ಅಲ್ಲಿ ತರಬೇತಿ ಪಡೆದು, ನಮ್ಮ ವಯೋಮಿತಿಯ ಸ್ಪರ್ಧೆಯಲ್ಲಿ ದೋಣಿ ನಡೆಸಿ, ಈಗ ಪಿಯುಸಿ ಓದುತ್ತಿರುವ ನಾನು ಈ ವಿಮರ್ಶೆಯನ್ನು ಮುಖ್ಯವಾಗಿ ಮಕ್ಕಳನ್ನು ಸೇರಿಸಬೇಕೆಂದಿರುವ ಪಾಲಕರಿಗಾಗಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಮಾತುಗಳು ದೋಣಿ ಇಳಿಸಲು ನೀರಿಲ್ಲದ ಯಾವ ಊರಿನ ಯಾವ ರೋಯಿಂಗ್ ಕೇಂದ್ರಕ್ಕೂ ಅನ್ವಯಿಸುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದೇಹ ಕಟ್ಟುವ ಕೆಲಸದಲ್ಲಿ ಈ ಕೇಂದ್ರ ಅಚ್ಚುಕಟ್ಟು, ದೋಣಿ ನಡೆಸುವುದನ್ನು ಕಲಿಸುವ ಕೆಲಸದಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ, ಶುಲ್ಕವನ್ನು ಮಾತ್ರ ಪೂರ್ತಿ ದಾರಿಗೆ ವಸೂಲು ಮಾಡುತ್ತದೆ.

ಕೇಂದ್ರ ಇರುವುದು ಹದಡಿ ರಸ್ತೆಯ ಕಡೆ, ಹಿಂದೆ ಮೆಕ್ಕೆಜೋಳದ ಚೀಲ ಒಟ್ಟುತ್ತಿದ್ದ ಒಂದು ಗೋದಾಮಿನಲ್ಲಿ. ತಗಡಿನ ಚಾವಣಿ, ಸಿಮೆಂಟು ನೆಲ, ಎರಡು ದೊಡ್ಡ ಫ್ಯಾನು, ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ, ಕೂತಲ್ಲೇ ಹುಟ್ಟು ಹಾಕಿದಂತೆ ಹಿಡಿ ಎಳೆಯುವ ರೋಯಿಂಗ್ ಯಂತ್ರಗಳು. ಬೆಳಗಿನ ತಂಡ ಐದೂವರೆಗೆ ಆರಂಭವಾಗಿ ಏಳಕ್ಕೆ ಮುಗಿಯುತ್ತದೆ. ಸಂಜೆಯ ತಂಡವೂ ಉಂಟು, ಆದರೆ ಮಾರ್ಚ್ ಕಳೆದ ಮೇಲೆ ಸಂಜೆ ಹೊತ್ತು ಆ ತಗಡಿನ ಕೆಳಗೆ ಕೂತು ಮೈ ಬಗ್ಗಿಸುವುದು ಯಾರಿಂದಲೂ ಆಗುವ ಕೆಲಸವಲ್ಲ, ಆದ್ದರಿಂದ ಸೇರುವವರು ಬೆಳಗಿನ ತಂಡವನ್ನೇ ಕೇಳಿ ಸೇರುವುದು ಒಳ್ಳೆಯದು. ಶುಲ್ಕ ತಿಂಗಳಿಗೆ 2,000 ರೂಪಾಯಿ. ಬೇಸಿಗೆ ಮತ್ತು ದಸರಾ ರಜೆಯಲ್ಲಿ ಬೆಂಗಳೂರಿನ ಕಡೆ ನಡೆಯುವ ನೀರಿನ ಶಿಬಿರಕ್ಕೆ ಪ್ರತ್ಯೇಕ ಹಣ, ಊಟ ವಸತಿ ಅದರೊಳಗೇ ಸೇರಿದೆ, ಪ್ರಯಾಣ ಸೇರಿಲ್ಲ. ಸೇರುವಾಗ ಕೊಡುವ ಕರಪತ್ರದ ಮುಖಪುಟದಲ್ಲಿ ಎಂಟು ಜನ ಕೂತು ಹುಟ್ಟು ಹಾಕುತ್ತಿರುವ ಉದ್ದನೆಯ ದೋಣಿಯ ಚಿತ್ರವಿದೆ. ಎಂಟು ಜನರ ಆ ದೋಣಿ ಸುಮಾರು 17 ಮೀಟರ್ ಉದ್ದವಿರುತ್ತದೆ, ಅಂತರರಾಷ್ಟ್ರೀಯ ನಿಯಮದಂತೆ ಅದರ ತೂಕ ಕನಿಷ್ಠ 96 ಕಿಲೊ ಇರಬೇಕು. ಅಂಥದೊಂದು ದೋಣಿಯನ್ನು ನಾನು ಆ ಕೇಂದ್ರದ ಗೋದಾಮಿನಲ್ಲಾಗಲಿ ಶಿಬಿರದಲ್ಲಾಗಲಿ ಒಮ್ಮೆಯೂ ಕಂಡಿಲ್ಲ.

ಈಗ ಯಂತ್ರಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಸೇರುವ ವಿದ್ಯಾರ್ಥಿ ತನ್ನ ಸಮಯದ ಬಹುಪಾಲನ್ನು ಕಳೆಯುವುದು ಅವುಗಳ ಮೇಲೆಯೇ. ಎರಡು ಯಂತ್ರಗಳು ಅಮೆರಿಕದ ವರ್ಮಾಂಟ್‌ನ ಕಾನ್ಸೆಪ್ಟ್ 2 ಕಂಪನಿಯವು. 1976ರಲ್ಲಿ ಇಬ್ಬರು ಅಣ್ಣತಮ್ಮಂದಿರು ಹುಟ್ಟುಗಳನ್ನು ತಯಾರಿಸಲೆಂದು ಆರಂಭಿಸಿದ ಈ ಕಂಪನಿ 1981ರಲ್ಲಿ ಮೊದಲ ಯಂತ್ರವನ್ನು ಹೊರತಂದಿತು, ಇಂದು ಜಗತ್ತಿನ ಹೆಚ್ಚಿನ ತಂಡಗಳ ಆಯ್ಕೆ ಪರೀಕ್ಷೆ ನಡೆಯುವುದು ಇದರ ಮೇಲೆಯೇ. ಉಳಿದವು ಅಗ್ಗದ ಮಾದರಿಗಳು, ಜಿಮ್ ಸಾಮಾನಿನ ಅಂಗಡಿಗಳಲ್ಲಿ ಸಿಗುವಂಥವು. ಹಿಡಿ ಎಳೆದಾಗ ಒಳಗಿನ ಗಾಳಿಚಕ್ರ ತಿರುಗುತ್ತದೆ, ಚಕ್ರದ ರೆಕ್ಕೆಗಳು ಗಾಳಿಯನ್ನು ತಳ್ಳುತ್ತವೆ, ಆ ಗಾಳಿಯೇ ನಮಗೆ ಪ್ರತಿರೋಧ. ಜೋರಾಗಿ ಎಳೆದಷ್ಟೂ ಅದೂ ಜೋರಾಗಿ ತಡೆಯುತ್ತದೆ. ಪಕ್ಕದಲ್ಲಿ, ಒಳಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು, 1ರಿಂದ 10ರವರೆಗೆ ಸಂಖ್ಯೆಗಳಿರುವ ಒಂದು ಸನ್ನೆ (ಲಿವರ್) ಇದೆ. ಹೊಸದಾಗಿ ಬಂದ ಹುಡುಗರೆಲ್ಲ ಅದನ್ನು 10ಕ್ಕೆ ಏರಿಸಿ ಶಕ್ತಿ ಪ್ರದರ್ಶನಕ್ಕೆ ಇಳಿಯುತ್ತಾರೆ, ವಾರ ಕಳೆಯುವುದರೊಳಗೆ ಸೊಂಟ ಹಿಡಿದುಕೊಂಡು ಕೂರುತ್ತಾರೆ. 3ರಿಂದ 5ರ ನಡುವೆ ಇಟ್ಟು ಚುರುಕಾಗಿ ಒತ್ತುವುದೇ ದೋಣಿಯ ನಡೆಗೆ ಹತ್ತಿರವಾದದ್ದು ಎಂಬುದನ್ನು ನಮ್ಮ ತರಬೇತುದಾರರು ಮೊದಲ ದಿನವೇ ಹೇಳುತ್ತಾರೆ, ಯಾರೂ ಕೇಳುವುದಿಲ್ಲ.

ಗೋದಾಮಿನ ಯಂತ್ರಗಳಲ್ಲಿ ನಾನು ಗಮನಿಸಿದ ಒಂದು ದೋಷವನ್ನು ಇಲ್ಲಿ ದಾಖಲಿಸಬೇಕು. ಬಾಗಿಲ ಬಳಿಯ ಯಂತ್ರಗಳಲ್ಲಿ ಎಳೆತ ಹಗುರ, ಒಳಗಿನವುಗಳಲ್ಲಿ ಭಾರ, ಸನ್ನೆ ಮಾತ್ರ ಎಲ್ಲದರಲ್ಲೂ ಒಂದೇ ಸಂಖ್ಯೆಯಲ್ಲಿ. ಕಾರಣ ಸರಳ: ಚಕ್ರದ ಸುತ್ತ ಇರುವ ರಂಧ್ರಗಳ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಗಾಳಿ ಕಡಿಮೆಯಾದರೆ ಪ್ರತಿರೋಧವೂ ಇಳಿಯುತ್ತದೆ. ಹಳೆಯ ಗೋದಾಮು, ಎದುರಿಗೆ ಲಾರಿ ಓಡಾಡುವ ರಸ್ತೆ, ಧೂಳಿಗೆ ಬರವಿಲ್ಲ. ಒಳ್ಳೆಯ ಯಂತ್ರದ ಪರದೆ ಚಕ್ರ ನಿಧಾನವಾಗುವ ವೇಗವನ್ನು ಅಳೆದು ಈ ವ್ಯತ್ಯಾಸವನ್ನು ಸರಿದೂಗಿಸಿಯೇ ಸಮಯ ತೋರಿಸುತ್ತದೆ; ಅಗ್ಗದ ಯಂತ್ರಗಳ ಪರದೆ ಹಾಗೆ ಮಾಡುವುದಿಲ್ಲ. ಆದ್ದರಿಂದ ತಿಂಗಳ ಕೊನೆಯ ಪರೀಕ್ಷೆಯಲ್ಲಿ ಯಾರು ಯಾವ ಯಂತ್ರದ ಮೇಲೆ ಕೂರುತ್ತಾರೆ ಎಂಬುದರ ಮೇಲೆ ಅವರ ಸ್ಥಾನ ನಿಂತಿತ್ತು. ಜಾಲರಿ ಬಿಚ್ಚಿ ವ್ಯಾಕ್ಯೂಮ್ ಹಿಡಿಯುವುದು ಅರ್ಧ ಗಂಟೆಯ ಕೆಲಸ, ಐವತ್ತು ಗಂಟೆಗಳ ಬಳಕೆಗೊಮ್ಮೆ ಸರಪಳಿಗೆ ಎಣ್ಣೆ ಒರೆಸುವುದು ಐದು ನಿಮಿಷದ ಕೆಲಸ. ಇವೆರಡೂ ಅಲ್ಲಿ ವಿದ್ಯಾರ್ಥಿಗಳೇ ನೆನಪಿಸಿದರೆ ಮಾತ್ರ ಆಗುತ್ತಿದ್ದವು.

ತರಬೇತುದಾರರ ಬಗ್ಗೆ ಮಾತ್ರ ನನ್ನಲ್ಲಿ ಯಾವ ದೂರೂ ಇಲ್ಲ. ಅವರು ಸೇನೆಯಲ್ಲಿದ್ದಾಗ ರೋಯಿಂಗ್ ಕಲಿತು, ನಿವೃತ್ತರಾದ ಮೇಲೆ ಊರಿಗೆ ಮರಳಿದವರು. ಎತ್ತರದ ದನಿಯಲ್ಲಿ ಗದರಿಸುವ ಅಭ್ಯಾಸವಿಲ್ಲ; ಹಿಂದೆ ಬಂದು ನಿಂತು ಬೆನ್ನಿನ ಮೇಲೆ ಎರಡು ಬೆರಳಿಟ್ಟು, "ಕೈ ಎಳೀಬೇಡಮ್ಮಾ, ಕಾಲು ಒತ್ತು, ಕೈ ತಾನೇ ಬರುತ್ತೆ" ಎಂದಷ್ಟೇ ಹೇಳುತ್ತಾರೆ. ರೋಯಿಂಗ್ ಕೈಗಳ ಆಟ ಎಂಬ ತಪ್ಪು ತಿಳಿವಳಿಕೆ ಹೋಗಬೇಕಾದರೆ ಅವರ ಬಳಿ ಒಂದು ತಿಂಗಳು ಇದ್ದರೆ ಸಾಕು. ಪಾದವನ್ನು ಹಲಗೆಗೆ ಕಟ್ಟಿರುತ್ತಾರೆ, ಕೂರುವ ಪೀಠ ಹಳಿಯ ಮೇಲೆ ಹಿಂದೆ ಮುಂದೆ ಉರುಳುತ್ತದೆ, ಮಂಡಿ ಮಡಿಸಿ ಮುಂದೆ ಬಂದು ಮೊದಲು ಕಾಲು ಚಾಚಬೇಕು, ಆಮೇಲೆ ಬೆನ್ನು ಹಿಂದಕ್ಕೆ ತೂಗಬೇಕು, ಎಲ್ಲಕ್ಕೂ ಕೊನೆಯಲ್ಲಿ ಮೊಣಕೈ ಮಡಿಸಿ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ತರಬೇಕು. ಮರಳುವಾಗ ಇದೇ ಕ್ರಮ ತಿರುವು ಮುರುವಾಗಿ, ಕೈ, ಬೆನ್ನು, ಕಾಲು. ಎಳೆಯುವುದು ಒಂದು ಪಾಲು ಹೊತ್ತಾದರೆ ಮರಳುವುದು ಎರಡು ಪಾಲು ಹೊತ್ತು. ಅವಸರದಲ್ಲಿ ಮರಳುವವರನ್ನು ಅವರು ಪರದೆಗೆ ಟವಲು ಮುಚ್ಚಿ, ಅಂಕಿ ಕಾಣದ ಹಾಗೆ ಮಾಡಿ, ನಿಮಿಷಕ್ಕೆ 18 ಎಳೆತದಂತೆ ಇಪ್ಪತ್ತು ನಿಮಿಷ ಕೂರಿಸುತ್ತಿದ್ದರು. ಶಿಕ್ಷೆಯ ಹಾಗೆ ಕಂಡರೂ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪಾಠ ಅದೇ.

ಅಂಕಿಗಳ ಬಗ್ಗೆಯೂ ಅವರು ಲೆಕ್ಕದ ಮೇಷ್ಟರ ಹಾಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದರು. ಯಂತ್ರದ ಪರದೆ 500 ಮೀಟರಿಗೆ ಎಷ್ಟು ಸಮಯ ಎಂಬುದನ್ನು ತೋರಿಸುತ್ತದೆ. 2 ನಿಮಿಷ 5 ಸೆಕೆಂಡಿನಿಂದ ಸರಿಯಾಗಿ 2 ನಿಮಿಷಕ್ಕೆ ಇಳಿಯುವುದು ಐದೇ ಸೆಕೆಂಡಿನ ಮಾತು ಎನಿಸುತ್ತದೆ. ಆದರೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ ಮೊದಲನೆಯದಕ್ಕೆ ಸುಮಾರು 179 ವಾಟ್ ಸಾಕಾದರೆ ಎರಡನೆಯದಕ್ಕೆ ಸುಮಾರು 203 ವಾಟ್ ಬೇಕು, ಅಂದರೆ ಶೇ. 13ರಷ್ಟು ಹೆಚ್ಚು. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟಾಗಬೇಕು. ಇದು ಗೊತ್ತಾದ ಮೇಲೆ ಒಂದೇ ತಿಂಗಳಲ್ಲಿ ಹತ್ತು ಸೆಕೆಂಡು ಇಳಿಸುತ್ತೇನೆ ಎಂಬ ಹುಡುಗಾಟದ ಶಪಥಗಳು ನಮ್ಮ ತಂಡದಲ್ಲಿ ನಿಂತುಹೋದವು, ಆರಂಭದಲ್ಲೇ ಶಕ್ತಿಯನ್ನೆಲ್ಲ ಸುರಿದು ಕೊನೆಯಲ್ಲಿ ಕೈಚೆಲ್ಲಿ ಕೂರುವುದೂ ಕಡಿಮೆಯಾಯಿತು.

ಕೇಂದ್ರದ ಗೋಡೆಯ ಮೇಲೆ ಇಬ್ಬರ ಚಿತ್ರಗಳಿವೆ. ಒಬ್ಬರು ಬಜರಂಗ್ ಲಾಲ್ ತಾಖರ್, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಸಿಂಗಲ್ ಸ್ಕಲ್ಸ್‌ನಲ್ಲಿ, ಅಂದರೆ ಒಬ್ಬರೇ ಕೈಗೊಂದು ಹುಟ್ಟು ಹಿಡಿದು ನಡೆಸುವ ದೋಣಿಯ ಸ್ಪರ್ಧೆಯಲ್ಲಿ, ಚಿನ್ನ ಗೆದ್ದು ರೋಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಏಷ್ಯನ್ ಚಿನ್ನ ತಂದವರು, ರಾಜಸ್ಥಾನದ ಸೀಕರ್ ಜಿಲ್ಲೆಯವರು. ಇನ್ನೊಬ್ಬರು ದತ್ತು ಭೋಕನಾಳ್, ನಾಸಿಕ್ ಜಿಲ್ಲೆಯ ಬರದ ಸೀಮೆಯ ಹಳ್ಳಿಯವರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದವರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ಕ್ವಾಡ್ರುಪಲ್ ಸ್ಕಲ್ಸ್ ತಂಡದಲ್ಲಿದ್ದು ಚಿನ್ನ ಗೆದ್ದವರು. ನೀರಿಲ್ಲದ ಊರಿನಿಂದಲೂ ಇಂಥವರು ಬರಬಹುದಾದರೆ ದಾವಣಗೆರೆಯಿಂದ ಏಕೆ ಆಗದು ಎಂಬುದು ಪಾಲಕರ ಸಭೆಗಳಲ್ಲಿ ವ್ಯವಸ್ಥಾಪಕರು ತಪ್ಪದೆ ಹೇಳುವ ಮಾತು. ಕೇಳಲು ಹಿತವಾದರೂ ವಾದದಲ್ಲಿ ಹುರುಳಿಲ್ಲ. ಅವರಿಬ್ಬರೂ ಹುಟ್ಟು ಹಿಡಿದದ್ದು ಸೇನೆಗೆ ಸೇರಿದ ಮೇಲೆ; ಪುಣೆಯ ಸೇನಾ ರೋಯಿಂಗ್ ಕೇಂದ್ರದಂಥ ಕಡೆ ದಿನವೂ ಬೆಳಿಗ್ಗೆ ನೀರಿಗಿಳಿಯುವ ಅವಕಾಶವನ್ನು ಸೇನೆ ಒದಗಿಸುತ್ತದೆ, ಊಟ, ದೋಣಿ, ವೈದ್ಯರು, ಸಮಯ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಹುಟ್ಟಿದ ಊರಿನಲ್ಲಿ ನೀರಿಲ್ಲದಿದ್ದರೂ ಕಲಿತ ಜಾಗದಲ್ಲಿ ನೀರಿತ್ತು. ನಮ್ಮ ಕೇಂದ್ರದ ಕೊರತೆ ಇರುವುದು ಈ ಎರಡನೆಯದರಲ್ಲಿ.

ಆ ಕೊರತೆ ಎಷ್ಟು ದೊಡ್ಡದು ಎಂಬುದು ಮೊದಲ ಶಿಬಿರದಲ್ಲಿ ದೋಣಿಯೊಳಗೆ ಕಾಲಿಟ್ಟ ಕ್ಷಣವೇ ತಿಳಿಯುತ್ತದೆ. ಸ್ಪರ್ಧೆಯ ಒಂಟಿ ಸ್ಕಲ್ ದೋಣಿ 8 ಮೀಟರಿಗಿಂತ ಉದ್ದ, ಅಗಲ ಒಂದು ಅಡಿಯ ಆಸುಪಾಸು, ಕನಿಷ್ಠ ತೂಕ 14 ಕಿಲೊ. ಕಲಿಯುವವರಿಗೆ ಇದಕ್ಕಿಂತ ಅಗಲವಾದ ಫೈಬರ್ ದೋಣಿ ಕೊಡುತ್ತಾರೆ, ಆದರೂ ಅದರಲ್ಲಿ ಕೂತಾಗ ಸೈಕಲ್ಲಿನ ಮೇಲೆ ಕಾಲೂರದೆ ನಿಂತ ಹಾಗೆಯೇ ಆಗುತ್ತದೆ. ನೆಟ್ಟಗಿರಿಸುವುದು ನೀರಿನ ಮೇಲೆ ಚಪ್ಪಟೆಯಾಗಿ ಚಾಚಿದ ಎರಡು ಹುಟ್ಟುಗಳು ಮಾತ್ರ. ಹಿಡಿಯೊಂದನ್ನು ಬಿಟ್ಟರೆ ದೋಣಿ ಮಗುಚಿದಂತೆಯೇ. ಯಂತ್ರದಲ್ಲಿ ಎರಡು ಕೈಗೂ ಸೇರಿ ಒಂದೇ ಹಿಡಿ, ದೋಣಿಯಲ್ಲಿ ಕೈಗೊಂದು. ಎರಡು ಹುಟ್ಟುಗಳ ಹಿಡಿಗಳು ನಡುವೆ ಒಂದರ ಮೇಲೊಂದು ಹಾಯುವಷ್ಟು ಉದ್ದ ಇರುವುದರಿಂದ ಪ್ರತಿ ಎಳೆತದಲ್ಲೂ ಎಡಗೈ ಬಲಗೈಯ ಮೇಲಿಂದ ದಾಟಬೇಕು. ಅದರ ಅಂದಾಜು ಸಿಗುವವರೆಗೆ ಎಡಗೈಯ ಉಗುರು ಬಲಗೈಯ ಗೆಣ್ಣುಗಳನ್ನು ಗೀರುತ್ತಲೇ ಇರುತ್ತದೆ. ಶಿಬಿರದಿಂದ ಊರಿಗೆ ಮರಳುವ ಬಸ್ಸಿನಲ್ಲಿ ಯಾರು ಹೊಸಬರು ಎಂಬುದನ್ನು ಬಲಗೈಯ ಬೆನ್ನು ನೋಡಿಯೇ ಹೇಳಬಹುದಿತ್ತು. ಅಂಗೈಯ ಕತೆ ಬೇರೆ: ಯಂತ್ರದ ಹಿಡಿಯಿಂದ ಬೆರಳಿನ ಬುಡಗಳು ಜಡ್ಡುಗಟ್ಟಿದ್ದರೂ, ಹುಟ್ಟನ್ನು ನೀರಿನಿಂದ ತೆಗೆದಾಗ ಅಲಗು ಮಲಗುವಂತೆ, ನೀರಿಗೆ ಹಾಕುವಾಗ ನಿಲ್ಲುವಂತೆ ಹಿಡಿಯನ್ನು ಹೊರಳಿಸುತ್ತಲೇ ಇರಬೇಕಾದ್ದರಿಂದ ಜಡ್ಡಿಲ್ಲದ ಜಾಗದಲ್ಲೇ, ಹೆಬ್ಬೆರಳಿನ ಒಳಬದಿಯಲ್ಲೇ, ಹೊಸ ಗುಳ್ಳೆ ಏಳುತ್ತದೆ. ಕೈಗವಸು ತೊಟ್ಟು ಹುಟ್ಟು ಹಿಡಿಯಲು ತರಬೇತುದಾರರು ಬಿಡುವುದಿಲ್ಲ, ಹಿಡಿಯ ಸ್ಪರ್ಶ ತಿಳಿಯುವುದಿಲ್ಲ ಎಂದು.

ಹುಟ್ಟಿನ ಅಲಗು ನೀರಿಗೆ ಇಳಿಯುವ ಗಳಿಗೆಯೇ ಈ ಆಟದ ಜೀವ. ಅಲಗು ಓರೆಯಾಗಿ ಇಳಿದರೆ ನೀರು ಅದನ್ನು ಕೆಳಕ್ಕೆ ಸೆಳೆದುಕೊಳ್ಳುತ್ತದೆ, ಓಡುತ್ತಿರುವ ದೋಣಿ ಹಿಡಿಯನ್ನು ರಭಸದಿಂದ ಹಿಂದಕ್ಕೆ ತಳ್ಳುತ್ತದೆ, ಹಿಡಿ ಪಕ್ಕೆಗೋ ಹೊಟ್ಟೆಗೋ ಬಡಿದು ಕೆಲವೊಮ್ಮೆ ಕೂತವರನ್ನೇ ನೀರಿಗೆ ಎಸೆಯುತ್ತದೆ. ಇದನ್ನು 'ಕ್ರ್ಯಾಬ್ ಹಿಡಿಯುವುದು' ಎನ್ನುತ್ತಾರೆ. ಯಂತ್ರದ ಮೇಲೆ ಎಷ್ಟು ವರ್ಷ ಕೂತರೂ ಕ್ರ್ಯಾಬ್ ಎಂದರೇನು ಎಂಬುದು ತಿಳಿಯುವುದಿಲ್ಲ, ಏಕೆಂದರೆ ಗಾಳಿಚಕ್ರಕ್ಕೆ ಅಲಗಿಲ್ಲ, ಓರೆಯಿಲ್ಲ. ಇನ್ನೊಂದು ವಿಷಯವನ್ನೂ ಯಂತ್ರ ಮುಚ್ಚಿಡುತ್ತದೆ: ಅದರ ಮೇಲೆ ಮೈತೂಕ ಹೆಚ್ಚಿದ್ದವರಿಗೆ ಲಾಭ, ಏಕೆಂದರೆ ಅವರ ಭಾರವನ್ನು ಹೊರುವುದು ನೆಲ. ನೀರಿನಲ್ಲಿ ಹಾಗಲ್ಲ, ತೂಕ ಹೆಚ್ಚಾದಷ್ಟೂ ದೋಣಿ ಆಳಕ್ಕೆ ಕೂರುತ್ತದೆ, ಒರೆಸಿಕೊಂಡು ಹೋಗುವ ನೀರು ಹೆಚ್ಚಾಗುತ್ತದೆ. ಗೋದಾಮಿನ ಪಟ್ಟಿಯಲ್ಲಿ ಮೊದಲಿದ್ದ ಇಬ್ಬರು ಹುಡುಗಿಯರು ಶಿಬಿರದಲ್ಲಿ ನಡುವಿಗೆ ಇಳಿದರು, ಪಟ್ಟಿಯ ನಡುವಿನಲ್ಲಿದ್ದ ಸಣ್ಣ ಮೈಯ ಒಬ್ಬಳು, ಹರಿಹರದ ಹೊಳೆದಂಡೆಯಲ್ಲಿ ಬೆಳೆದವಳು, ಎಲ್ಲರಿಗಿಂತ ಸಲೀಸಾಗಿ ದೋಣಿ ಓಡಿಸಿದಳು. ಆದರೂ ಸ್ಪರ್ಧೆಯ ತಂಡವನ್ನು ಆರಿಸಿದ್ದು ಗೋದಾಮಿನ ಪಟ್ಟಿಯಂತೆಯೇ. ನೀರಿನ ಮೇಲೆ ಪರೀಕ್ಷೆ ಮಾಡುವಷ್ಟು ಸಮಯ ಶಿಬಿರದಲ್ಲಿ ಇರಲಿಲ್ಲ ಎಂಬುದು ಕೊಟ್ಟ ಕಾರಣ.

ಸುರಕ್ಷತೆಯ ವಿಷಯದಲ್ಲಿ ನನ್ನ ದೂರು ಗಂಭೀರವಾದದ್ದು, ಪಾಲಕರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ರೋಯಿಂಗ್ ದೋಣಿಯಲ್ಲಿ ಷೂಗಳನ್ನು ಹಲಗೆಗೆ ಭದ್ರವಾಗಿ ಜೋಡಿಸಿರುತ್ತಾರೆ. ಪ್ರತಿ ಷೂವಿನ ಹಿಮ್ಮಡಿಯನ್ನು ಹಲಗೆಗೆ ಒಂದು ಗಿಡ್ಡ ದಾರದಿಂದ ಕಟ್ಟಿರಬೇಕು. ದೋಣಿ ಮಗುಚಿದಾಗ ಪಾದವನ್ನು ಹಿಂದಕ್ಕೆ ಸೆಳೆದರೆ ಹಿಮ್ಮಡಿ ಏಳದಂತೆ ಆ ದಾರ ಷೂವನ್ನು ಹಿಡಿದುಕೊಳ್ಳುತ್ತದೆ, ಪಾದ ಮಾತ್ರ ಜಾರಿ ಹೊರಬರುತ್ತದೆ. ದಾರವಿಲ್ಲದಿದ್ದರೆ ಷೂ ಸಮೇತ ಪಾದ ಮಡಚಿಕೊಂಡು ತಲೆ ನೀರಿನೊಳಗೇ ಉಳಿಯುವ ಅಪಾಯವಿದೆ. ಹತ್ತು ರೂಪಾಯಿಯ ಈ ದಾರ ನಾವು ಬಳಸಿದ ದೋಣಿಗಳ ಪೈಕಿ ಕೆಲವದರಲ್ಲಿ ತುಂಡಾಗಿತ್ತು, ಒಂದರಲ್ಲಿ ಇರಲೇ ಇಲ್ಲ. ನಮ್ಮ ತರಬೇತುದಾರರು ತಮ್ಮ ಷೂ ಲೇಸನ್ನೇ ಬಿಚ್ಚಿ ಕಟ್ಟಿಕೊಟ್ಟರು. ದೋಣಿಗಳನ್ನು ಬಾಡಿಗೆಗೆ ತಂದ ವ್ಯವಸ್ಥಾಪಕರು ಮೊದಲೇ ನೋಡಿಕೊಳ್ಳಬೇಕಿತ್ತು. ಮೂತಿಯ ತುದಿಗೆ ಇರಬೇಕಾದ ಬಿಳಿ ರಬ್ಬರ್ ಚೆಂಡು ಎಲ್ಲದರಲ್ಲೂ ಇತ್ತು. ನಾವು ಬೆನ್ನು ಮಾಡಿಕೊಂಡು ಮುಂದಕ್ಕೆ ಹೋಗುವವರಾದ್ದರಿಂದ ಯಾರಿಗಾದರೂ ಗುದ್ದಿದರೆ ಇರಿಯದಿರಲಿ ಎಂದು ಇರುವ ಚೆಂಡು ಅದು. ಜೊತೆಗೆ ಸಾಗಬೇಕಾದ ಮೋಟಾರು ದೋಣಿ ಕೆಲವು ಬೆಳಗುಗಳಲ್ಲಿ ಡೀಸೆಲ್ ಇಲ್ಲವೆಂದು ದಡದಲ್ಲೇ ಉಳಿಯಿತು, ಆ ಬೆಳಗುಗಳಲ್ಲೂ ನಮ್ಮನ್ನು ನೀರಿಗೆ ಇಳಿಸಿದರು. ಈಜು ಬರುತ್ತದೆಯೇ ಎಂದು ಕೇಳಿ ಅರ್ಜಿಯಲ್ಲಿ ಟಿಕ್ ಹಾಕಿಸಿಕೊಂಡರೇ ಹೊರತು ಈಜಿಸಿ ನೋಡಲಿಲ್ಲ. ಬಟ್ಟೆ ತೊಟ್ಟು ಐವತ್ತು ಮೀಟರ್ ಈಜಿ ತೋರಿಸದ ಮಗುವನ್ನು ದೋಣಿಗೆ ಹತ್ತಿಸಬಾರದು. ದಾವಣಗೆರೆಯಲ್ಲಿ ಈಜುಕೊಳಕ್ಕೆ ಕೊರತೆಯೇನೂ ಇಲ್ಲವಾದ್ದರಿಂದ ಈ ಪರೀಕ್ಷೆಯನ್ನು ಊರಲ್ಲೇ ಮುಗಿಸಬಹುದು.

ಸ್ಪರ್ಧೆಯ ಬಗ್ಗೆ. ನಮ್ಮ ವಯೋಮಿತಿಗೆ ಇದ್ದದ್ದು 500 ಮೀಟರ್. ದೊಡ್ಡವರ ಸ್ಪರ್ಧೆ ನಡೆಯುವ 2000 ಮೀಟರಿನ ಕಾಲು ಭಾಗ. ನಾನು ಮತ್ತು ನನ್ನ ಜೊತೆಗಾತಿ ಇಳಿದದ್ದು ಡಬಲ್ ಸ್ಕಲ್ಸ್‌ಗೆ, ಅಂದರೆ ಇಬ್ಬರು, ನಾಲ್ಕು ಹುಟ್ಟು. ಈ ದೋಣಿಗೆ ಚುಕ್ಕಾಣಿ ಇರುವುದಿಲ್ಲ. ಮೂತಿಯ ಕಡೆ ಕೂತವರು ಆಗಾಗ ಹೆಗಲ ಮೇಲಿಂದ ತಿರುಗಿ ನೋಡಿ, ಯಾವ ಬದಿ ಜಾಸ್ತಿ ಒತ್ತಬೇಕೆಂದು ಕೂಗಿ ಹೇಳಬೇಕು. ಆ ಸ್ಥಾನದಲ್ಲಿ ಕೂತವಳು ನಾನು. ಆರಂಭದ ಗೆರೆಯಲ್ಲಿ ದಡಕ್ಕೆ ಕಟ್ಟಿದ ಹಲಗೆಯ ಮೇಲೆ ಬೋರಲು ಮಲಗಿದ ಹುಡುಗನೊಬ್ಬ ನಮ್ಮ ದೋಣಿಯ ಹಿಂಬದಿಯನ್ನು ಹಿಡಿದುಕೊಂಡಿದ್ದ. ಪಕ್ಕದಿಂದ ಬೀಸುತ್ತಿದ್ದ ಗಾಳಿಗೆ ಮೂತಿ ಓರೆಯಾಗುತ್ತಲೇ ಇತ್ತು, ಚಿಕ್ಕ ಚಿಕ್ಕ ಎಳೆತಗಳಿಂದ ನೇರ ಮಾಡುತ್ತಲೇ ಇರಬೇಕಾಯಿತು. 'ಅಟೆನ್ಷನ್' ಎಂದರು, ಬಾವುಟ ಇಳಿಯಿತು. ನಿಂತ ದೋಣಿಯನ್ನು ಎಬ್ಬಿಸಲು ಮೊದಲ ಎಳೆತಗಳನ್ನು ಅರ್ಧ, ಮುಕ್ಕಾಲು, ಪೂರ್ತಿ ಎಂಬ ಅಳತೆಯಲ್ಲಿ ಹಾಕುವ ಕ್ರಮವೊಂದಿದೆ. ಆ ಕ್ರಮ ನಮಗೆ ಬಾಯಿಪಾಠವಾಗಿತ್ತು, ಗೋದಾಮಿನಲ್ಲಿ ಅದನ್ನು ಯಂತ್ರದ ಮೇಲೆ ತಿಂಗಳುಗಟ್ಟಲೆ ಮಾಡಿದ್ದೆವು. ಆದರೆ ಯಂತ್ರದಲ್ಲಿ ಇಬ್ಬರ ಎಳೆತ ಕೂದಲೆಳೆಯಷ್ಟು ಹಿಂದೆ ಮುಂದೆಯಾದರೂ ಏನೂ ಆಗುವುದಿಲ್ಲ. ನೀರಿನಲ್ಲಿ ಅಷ್ಟೇ ವ್ಯತ್ಯಾಸಕ್ಕೆ ದೋಣಿ ಒಂದು ಬದಿಗೆ ವಾಲಿತು, ಎಡ ಹುಟ್ಟುಗಳು ನೀರಿನಲ್ಲಿ ಹೂತವು, ಬಲ ಹುಟ್ಟುಗಳು ಗಾಳಿಯಲ್ಲಿ ಬೀಸಿದವು. ಮೊದಲ ನೂರು ಮೀಟರಿನಲ್ಲೇ ಮೂರು ದೋಣಿಗಳು ನಮ್ಮನ್ನು ಬಿಟ್ಟು ಹೋದವು. ಅಲ್ಲಿಂದ ಮುಂದೆ ನಾವು ಚೆನ್ನಾಗಿಯೇ ಎಳೆದೆವು, ನಿಮಿಷಕ್ಕೆ 34ರ ಆಸುಪಾಸಿನಲ್ಲಿ, ಉಸಿರು ಕೆಡದೆ. ನಡುವೆ ಗಾಳಿ ನಮ್ಮನ್ನು ಪಕ್ಕದ ಲೇನಿನ ಕಡೆಗೆ ದೂಡಿದಾಗ ಹಿಂದಿನಿಂದ ಬರುತ್ತಿದ್ದ ಅಂಪೈರ್ ಬಿಳಿ ಬಾವುಟ ಎತ್ತಿ, ಯಾವ ಕಡೆ ಸರಿಯಬೇಕೆಂದು ಬಾವುಟ ವಾಲಿಸಿ ತೋರಿಸಿದರು. ನಾವು ಸರಿದೆವು, ಅದರಿಂದ ಇನ್ನಷ್ಟು ಹೊತ್ತು ಹೋಯಿತು. ಕೊನೆಯ ನೂರು ಮೀಟರಿನಲ್ಲಿ ಒಂದು ದೋಣಿಯನ್ನು ಹಿಂದೆ ಹಾಕಿದೆವು. ಗೆರೆ ದಾಟಿದ ಮೇಲೂ ನಮ್ಮಿಬ್ಬರಲ್ಲಿ ಶಕ್ತಿ ಉಳಿದಿತ್ತು, ಅದೇ ನನಗೆ ಬೇಸರದ ಸಂಗತಿ. ಗೆದ್ದ ಹುಡುಗಿಯರು ಬೆಂಗಳೂರಿನವರು, ಮೈಕಟ್ಟಿನಲ್ಲಿ ನಮಗಿಂತ ಸಣ್ಣವರು. ವಾರದಲ್ಲಿ ಐದು ದಿನ ನೀರಿಗಿಳಿಯುವವರೆಂದು ಮಾತಾಡಿಸಿದಾಗ ತಿಳಿಯಿತು. ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಬೆಳಗಿನ ಹೊತ್ತು ಅಭ್ಯಾಸ ಮಾಡುವುದನ್ನು ನೋಡುತ್ತಲೇ ಬೆಳೆಯುವ ಅವಕಾಶವೂ ಆ ಊರಿನ ಮಕ್ಕಳಿಗಿದೆ.

ಊಟ, ಓದು ಮುಂತಾದವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಗಿನ ಅಭ್ಯಾಸಕ್ಕೆ ಮುನ್ನ ಬಾಳೆಹಣ್ಣು, ಮುಗಿದ ಮೇಲೆ ನೆನೆಸಿದ ಹೆಸರುಕಾಳು ಮತ್ತು ಮೊಟ್ಟೆ ಕೇಂದ್ರದಿಂದಲೇ ಕೊಡುತ್ತಾರೆ, ಅದು ಒಳ್ಳೆಯ ಕ್ರಮ. ಬೆಣ್ಣೆದೋಸೆ ತಿಂದು ಬಂದು ಯಂತ್ರದ ಮೇಲೆ ಕೂತವರಿಗೆ ಹತ್ತನೇ ನಿಮಿಷಕ್ಕೆ ಬುದ್ಧಿ ಬರುತ್ತದೆ, ಅವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಎಸ್ಎಸ್ಎಲ್‌ಸಿ ಪರೀಕ್ಷೆಯ ಮೂರು ತಿಂಗಳು ಶುಲ್ಕವಿಲ್ಲದೆ ರಜೆ ಕೊಟ್ಟರು.

ಹತ್ತಿರದಲ್ಲೇ ನೀರು ಸಿಗುವುದಿಲ್ಲವೇ ಎಂಬುದು ಉಳಿಯುವ ಪ್ರಶ್ನೆ. ಕುಂದವಾಡ ಕೆರೆ ಊರಿನ ಕುಡಿಯುವ ನೀರಿನದು, ಅದನ್ನು ಕೇಳುವುದೇ ತಪ್ಪು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ವಿಸ್ತಾರದಲ್ಲಿ ಯಾವ ಸ್ಪರ್ಧೆಗಾದರೂ ಸಾಕು. ಆರು ಲೇನುಗಳ ಅಂಕಣಕ್ಕೆ ಲೇನಿಗೆ 13.5 ಮೀಟರಿನಂತೆ 81 ಮೀಟರ್ ಅಗಲ, 2000 ಮೀಟರ್ ನೇರ ಉದ್ದ ಮತ್ತು ತಿರುಗಿಸಲು ಎರಡು ಕಡೆ ಒಂದಿಷ್ಟು ಜಾಗ ಬೇಕು, ಸೂಳೆಕೆರೆಯ ಒಂದು ಮೂಲೆಯಲ್ಲೇ ಅಷ್ಟು ಸಿಗುತ್ತದೆ. ಆದರೆ ಅಷ್ಟು ತೆರೆದ ನೀರಿನ ಮೇಲೆ ಗಾಳಿ ದೂರದಿಂದ ಬೀಸಿಕೊಂಡು ಬಂದು ಅಲೆ ಎಬ್ಬಿಸುತ್ತದೆ, ಅಂಗೈಯಗಲ ಎತ್ತರದ ಅಂಚಿರುವ ದೋಣಿಗೆ ಅಲೆಯೇ ಶತ್ರು. ಬೆಳಗಿನ ಜಾವ ಗಾಳಿ ಏಳುವ ಮೊದಲು ಒಂದೆರಡು ಗಂಟೆ ಮಾತ್ರ ಸಾಧ್ಯ. ಅದೂ ಕುಡಿಯುವ ನೀರಿನ ಆಸರೆಯೇ ಆದ್ದರಿಂದ ಹುಟ್ಟಿನ ದೋಣಿಗೆ ಅನುಮತಿ ಕೊಟ್ಟರೂ ಡೀಸೆಲ್ ಮೋಟಾರಿಗೆ ಕೊಡುವುದು ಕಷ್ಟ, ಮೋಟಾರಿಲ್ಲದೆ ಮಕ್ಕಳನ್ನು ಇಳಿಸುವುದು ತಪ್ಪು. ಬ್ಯಾಟರಿ ಮೋಟಾರಿನ ದೋಣಿ ಇದಕ್ಕೆ ದಾರಿಯಾಗಬಹುದು. ಪಕ್ಕದ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಕೋಡಿ ಬಿದ್ದಿತು. ಬೆಟ್ಟಗಳ ನಡುವಿನ ಆ ನೀರಿಗೆ ಗಾಳಿಯ ಮರೆ ಚೆನ್ನಾಗಿದೆ, ಆದರೆ ಹಿರಿಯೂರಿನವರೆಗೆ ದಿನವೂ ಹೋಗಿಬರುವುದು ಶಾಲೆಯ ಮಕ್ಕಳಿಂದ ಆಗದು, ವಾರದ ಕೊನೆಗೆ ಆದೀತು. ಇವುಗಳಲ್ಲಿ ಯಾವುದಕ್ಕಾದರೂ ಅರ್ಜಿ ಹಾಕಿದ್ದೀರಾ ಎಂದು ಪಾಲಕರ ಸಭೆಯಲ್ಲಿ ನಮ್ಮ ಅಪ್ಪ ಕೇಳಿದಾಗ, "ಹಾಕ್ತೀವಿ ಸಾರ್, ಪ್ರೊಸೀಜರ್ ಇದೆ" ಎಂಬ ಉತ್ತರ ಬಂತು. ಮುಂದಿನ ವರ್ಷದ ಸಭೆಯಲ್ಲೂ ಅದೇ ಉತ್ತರ.

ಹಾಗಾದರೆ ಸೇರಬೇಕೇ ಬೇಡವೇ? ಮಗುವಿಗೆ ಮೊಣಕಾಲಿಗೆ ಪೆಟ್ಟಾಗದಂತೆ ಕಾಲು, ಬೆನ್ನು, ಉಸಿರು ಮೂರನ್ನೂ ಗಟ್ಟಿ ಮಾಡುವ ವ್ಯಾಯಾಮ ಬೇಕೆಂದಿದ್ದರೆ, ಊರಿನ ಯಾವ ಜಿಮ್ಮಿಗಿಂತಲೂ ಇಲ್ಲಿ ಕಲಿಸುವ ಕ್ರಮ ಉತ್ತಮ, ಆ ತರಬೇತುದಾರರೊಬ್ಬರಿಗಾಗಿಯೇ ಸೇರಬಹುದು. ಸ್ಪರ್ಧೆ, ಪದಕ, ಕ್ರೀಡಾ ಮೀಸಲಾತಿ ಎಂಬ ಲೆಕ್ಕದಲ್ಲಿ ಸೇರುವುದಾದರೆ ಈಗಿರುವ ಸ್ಥಿತಿಯಲ್ಲಿ ನಾನು ಬೇಡವೆನ್ನುತ್ತೇನೆ. ಎರಡರ ನಡುವೆ ಇರುವವರು ಶುಲ್ಕ ಕಟ್ಟುವ ಮುನ್ನ ವರ್ಷಕ್ಕೆ ಎಷ್ಟು ಗಂಟೆ ನೀರಿನ ಮೇಲೆ, ಎಷ್ಟು ಮಕ್ಕಳಿಗೆ ಒಂದು ದೋಣಿ, ಮೋಟಾರು ದೋಣಿ ಯಾರ ಹೊಣೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ಬರವಣಿಗೆಯಲ್ಲಿ ಪಡೆಯಬೇಕು. ಶಿಬಿರ ರದ್ದಾದರೆ ಹಣ ಮರಳಿಸುವ ಮಾತನ್ನೂ ಅದರಲ್ಲೇ ಸೇರಿಸಿಕೊಳ್ಳಬೇಕು, ಏಕೆಂದರೆ ನಮ್ಮ ಎರಡನೆಯ ವರ್ಷದ ದಸರಾ ಶಿಬಿರ ಮಳೆಯ ಕಾರಣಕ್ಕೆ ಅರ್ಧಕ್ಕೆ ನಿಂತಾಗ ಉಳಿದ ದಿನಗಳ ಹಣ ಯಾರಿಗೂ ಮರಳಲಿಲ್ಲ. ಹೊಸ ತಂಡವನ್ನು ಜೂನ್‌ನಲ್ಲಿ ಶಾಲೆ ಆರಂಭವಾದ ಬಳಿಕ ತೆಗೆದುಕೊಳ್ಳುತ್ತಾರೆ, ಮೊದಲ ವಾರ ಶುಲ್ಕವಿಲ್ಲದೆ ಬಂದು ನೋಡಲು ಬಿಡುತ್ತಾರೆ.